ಅತ್ತೆಯೊಂದಿಗೆ ಗಡ್ಡೆಗೆ ಹೋದ ದಿನ

ನಾನು ಮಾನ್ವಿಯವಳು. ಎಪ್ಪತ್ತರ ದಶಕ ಮುಗಿಯುತ್ತ ಬಂದಾಗ ಮದುವೆಯಾಗಿ ರಾಯಚೂರಿಗೆ ಬಂದೆ. ಗಂಡನಿಗೆ ಹಗ್ಗ ಮತ್ತು ಗೋಣಿಚೀಲದ ಅಂಗಡಿ ಇತ್ತು. ಮಾವ ತೀರಿಹೋಗಿ ಬಹಳ ವರ್ಷಗಳಾಗಿದ್ದವು, ಮನೆಯಲ್ಲಿ ನಡೆಯುತ್ತಿದ್ದದ್ದು ಅತ್ತೆಯ ಮಾತು. ಎತ್ತರದ, ತುಂಬಿದ ಮೈಯ ಹೆಂಗಸು. ಮಾತು ಕಡಿಮೆ. ನನ್ನನ್ನು ಅವರು ಬೈದದ್ದೇ ನೆನಪಿಲ್ಲ. ಆದರೂ ಅವರು ಅಡುಗೆಮನೆಯ ಹೊಸ್ತಿಲ ಮೇಲೆ ಬಂದು ನಿಂತರೆ ಸಾಕು, ಪಾತ್ರೆಯಲ್ಲಿ ಆಡುತ್ತಿದ್ದ ನನ್ನ ಸೌಟು ತಾನಾಗಿ ನಿಂತುಬಿಡುತ್ತಿತ್ತು. ಏನಾದರೂ ಕೇಳಿದರೆ ತಲೆಯಾಡಿಸಿ ಉತ್ತರ ಕೊಡುತ್ತಿದ್ದೆ. ಮಾನ್ವಿಯ ಕನ್ನಡ ಶಾಲೆಯಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದ್ದೆ, ಶಿಕ್ಷಕಿಯ ತರಬೇತಿಗೆ ಹೋಗಬೇಕೆಂಬ ಆಸೆ ಇತ್ತು. ಅದನ್ನು ಆ ಮನೆಯಲ್ಲಿ ಯಾರ ಮುಂದೆಯೂ ಆಡಿರಲಿಲ್ಲ.

ನಮ್ಮ ಓಣಿಗೆ ದಸರೆ ಕಳೆದ ಮೇಲೆ ಒಬ್ಬ ಹೆಂಗಸು ಸೀತಾಫಲ ಮಾರಲು ಬರುತ್ತಿದ್ದಳು. ಗೂಗಲ್ ಕಡೆಯವಳು. ಕೃಷ್ಣಾ ನದಿಯ ನಡುಗಡ್ಡೆಯೊಂದರಲ್ಲಿ ಆಕೆಯ ಹೊಲ ಇತ್ತು. ಹಾಗಾಗಿ ಓಣಿಯವರೆಲ್ಲ ಆಕೆಯನ್ನು ಗಡ್ಡೆಯವ್ವ ಎಂದೇ ಕರೆಯುತ್ತಿದ್ದರು. ಅತ್ತೆಯ ವಯಸ್ಸೇ ಇರಬೇಕು, ಆದರೆ ಒಣಗಿದ ಕಟ್ಟಿಗೆಯಂಥ ಗಟ್ಟಿ ಮೈ. ಬೆಳಗಿನ ಬಸ್ಸಿಗೆ ಬಂದು, ಬುಟ್ಟಿ ಖಾಲಿಯಾದ ಮೇಲೆ ನಮ್ಮ ಕಟ್ಟೆಯ ಮೇಲೆ ಕೂತು ಚಹಾ ಕುಡಿದು ಹೋಗುತ್ತಿದ್ದಳು.

ಒಂದು ದಿನ ಅತ್ತೆ ಹಣ್ಣು ಹಿಚುಕಿ ನೋಡುತ್ತ, "ಈ ಸಲ ಭಾಳ ಸಣ್ಣಾವು ತಂದೀದಿ" ಎಂದರು.

"ದೊಡ್ಡಾವು ಗಿಡದಾಗೇ ಒಡದು ಹೋಗ್ತಾವ್ರಿ ಅಮ್ಮಾರ, ಬಸ್ಸಿನ್ಯಾಗ ತರಾಕ ಆಗಂಗಿಲ್ಲ. ಬೇಕಂದ್ರ ನೀವೇ ಬರ್ರಿ ನಮ್ಮ ಗಡ್ಡಿಗೆ, ನಿಂತ ಜಾಗದಾಗ ಹರಕೊಂಡು ತಿನ್ರಿ" ಎಂದು ಆಕೆ ನಕ್ಕಳು. ಮಾರುವವರು ಆಡುವ ಮಾತು ಅದು, ಅಷ್ಟೇ.

ಅತ್ತೆ ಕೈಯಲ್ಲಿದ್ದ ಹಣ್ಣನ್ನು ಬುಟ್ಟಿಗೆ ಇಟ್ಟರು. "ಬರ್ತೀನಿ. ಯಾವತ್ತು ಕರಕೊಂಡು ಹೋಗ್ತಿ, ಹೇಳು."

ಗಡ್ಡೆಯವ್ವನ ನಗು ನಿಂತಿತು. ಒಳಗೆ ಬಾಗಿಲ ಮರೆಯಲ್ಲಿದ್ದ ನಾನೂ ಕಿವಿಯನ್ನು ನಂಬದೆ ನಿಂತೆ.

ರಾತ್ರಿ ಊಟಕ್ಕೆ ಕೂತಾಗ ನನ್ನ ಗಂಡ ತಾಯಿಗೆ ಪರಿಪರಿಯಾಗಿ ಹೇಳಿದರು. ಆ ನದಿಯಲ್ಲಿ ಮೊಸಳೆ ಇವೆ, ಆ ಗಡ್ಡೆಯ ಮೇಲೆ ಬರೀ ಬಂಡೆ ಮತ್ತು ಮುಳ್ಳು, ಅಲ್ಲಿಗೆ ಹೋಗಿ ಮಾಡುವುದೇನು ಎಂದು. ಅತ್ತೆ ರೊಟ್ಟಿ ಮುರಿಯುತ್ತ, "ನೋಡ್ತೀನಿ" ಎಂದರು. ಸ್ವಲ್ಪ ಹೊತ್ತಿನ ಮೇಲೆ ನನ್ನ ಕಡೆ ತಿರುಗಿ, "ದುಲ್ಹನ್ ಸಂಗಾಟ ಬರ್ತಾಳ" ಎಂದರು. ನಮ್ಮ ಮನೆಗಳಲ್ಲಿ ಸೊಸೆಯನ್ನು ಕರೆಯುವುದೇ ಹಾಗೆ. ನಾವು ಮನೆಯಲ್ಲಿ ಆಡುತ್ತಿದ್ದದ್ದು ದಖನಿ. ಇಲ್ಲಿ ಅದನ್ನೆಲ್ಲ ನಮ್ಮ ಕಡೆಯ ಕನ್ನಡದಲ್ಲೇ ಬರೆಯುತ್ತಿದ್ದೇನೆ.

ಹೊರಟ ದಿನ ಬಸ್ಸಿನಲ್ಲಿ ಅತ್ತೆ ಕಿಟಕಿಯ ಸೀಟು ಹಿಡಿದು, ಬುರ್ಖಾದ ಮುಖಪರದೆಯನ್ನು ಮೇಲಕ್ಕೆ ಸರಿಸಿ ಕೂತರು. ತೊಗರಿ ಹಳದಿ ಹೂ ಬಿಟ್ಟಿತ್ತು, ಹತ್ತಿ ಒಡೆಯಲು ಶುರುವಾಗಿತ್ತು. ನನ್ನ ತೊಡೆಯ ಮೇಲೆ ಖೀಮಾ ಮತ್ತು ರೊಟ್ಟಿಯ ಡಬ್ಬಿ.

ಗಡ್ಡೆಯವ್ವ ನದಿಯ ದಂಡೆಯಲ್ಲಿ ಕಾಯುತ್ತಿದ್ದಳು. ಮಳೆಗಾಲದ ಕೆಂಪು ಇಳಿದು ನೀರು ತಿಳಿಯಾಗಿತ್ತು, ಆದರೂ ಹರಿವಿನಲ್ಲಿ ಸೆಳೆತ ಇತ್ತು. ನದಿಯ ನಡುವೆ ಕರಿಬಂಡೆಗಳ ಗುಡ್ಡವೊಂದು ಎದ್ದು ನಿಂತಂತೆ ಕಾಣುತ್ತಿದ್ದದ್ದೇ ಆಕೆಯ ಗಡ್ಡೆ. ದಂಡೆಗೆ ತಾಗಿ ಹರಿಗೋಲು ತೇಲುತ್ತಿತ್ತು. ನಮ್ಮ ಕಡೆಯವರು ಅದಕ್ಕೆ ಪುಟ್ಟಿ ಎನ್ನುತ್ತಾರೆ. ಬಿದಿರಿನಿಂದ ಹೆಣೆದು ಡಾಂಬರು ಬಳಿದ ದೊಡ್ಡ ಬುಟ್ಟಿ. ಗಂಡ ತೀರಿಕೊಂಡ ಮೇಲೆ ಹುಟ್ಟು ಹಾಕುವುದನ್ನು ಆಕೆಯೇ ಕಲಿತಿದ್ದಳು.

"ನಡುವ ಕುಂದರ್ರಿ, ಎದ್ದು ನಿಲ್ಲಬ್ಯಾಡ್ರಿ. ಅದು ತಿರುಗ್ತದ, ತಿರುಗಲಿ ಬಿಡ್ರಿ. ತಿರುಗಿದ್ರ ಮುಳುಗತೈತಿ ಅಂತಲ್ಲ" ಎಂದು ಆಕೆ ನಮ್ಮನ್ನು ಕೂರಿಸಿದಳು.

ಪುಟ್ಟಿ ತಿರುಗಿತು. ದಂಡೆ ಒಮ್ಮೆ ಎದುರಿಗೆ ಬಂತು, ಒಮ್ಮೆ ಬೆನ್ನ ಹಿಂದೆ ಹೋಯಿತು. ಅತ್ತೆ ಕಣ್ಣು ಮುಚ್ಚಿ ಸಣ್ಣ ದನಿಯಲ್ಲಿ ದುವಾ ಓದುತ್ತಿದ್ದರು. ನಾನು ಡಬ್ಬಿಯನ್ನು ಎದೆಗೆ ಅವಚಿಕೊಂಡಿದ್ದೆ. ಹೊಳೆಯ ನಡುವೆ ಬಂದಾಗ ಗಡ್ಡೆಯವ್ವ ಹುಟ್ಟು ನಿಲ್ಲಿಸಿ, ದೂರದ ಉಸುಕಿನ ದಿಬ್ಬದ ಕಡೆ ಕೈ ಮಾಡಿದಳು. "ಅಲ್ಲಿ ನೋಡ್ರಿ, ಬಿಸಲಿಗೆ ಬಿದ್ದದ."

ನಾನು ನೋಡಿದ್ದು ಮರದ ಕೊರಡು. ಆಮೇಲೆ ಆ ಕೊರಡು ಬಾಯಿ ತೆರೆಯಿತು. ಮೊಸಳೆ. ಅತ್ತೆ ಕಣ್ಣು ಬಿಟ್ಟರು, ಓದುವುದನ್ನು ನಿಲ್ಲಿಸಿದರು, ನೋಡಿಯೇ ನೋಡಿದರು. "ಮುದುಕ ಆಗ್ಯಾದೇನು?" ಎಂದು ಕೇಳಿದರು, ಪಕ್ಕದ ಮನೆಯ ಯಾರ ಬಗ್ಗೆಯೋ ಕೇಳುವ ಹಾಗೆ.

"ನಾ ಮದುವ್ಯಾಗಿ ಬಂದಾಗಿಂದ ಅದನ್ನ ನೋಡಾಕತ್ತೀನ್ರಿ. ಅದರ ಪಾಡಿಗೆ ಅದು ಅದ, ನಮ್ಮ ಪಾಡಿಗೆ ನಾವು."

ಗಡ್ಡೆಯ ಮೇಲೆ ಕಾಲಿಟ್ಟಾಗ ನನಗೆ ಮೊದಲು ಅನಿಸಿದ್ದು ಬಿಸಿ. ಬಂಡೆಗಳು ಬೆಳಗಿನ ಬಿಸಿಲಿಗೇ ಕಾದಿದ್ದವು. ಪ್ರತಿ ಮಳೆಗಾಲ ನೀರು ಉಜ್ಜಿ ಉಜ್ಜಿ ಅವುಗಳಲ್ಲಿ ಹಂಡೆಯಂಥ ಕುಳಿಗಳಾಗಿದ್ದವು. ಕುಳಿಗಳಲ್ಲಿ ಉಳಿದ ನೀರಿನಲ್ಲಿ ಸಣ್ಣ ಮೀನು ಓಡಾಡುತ್ತಿದ್ದವು. ಅದನ್ನು ದಾಟಿದರೆ ಜಾಲಿಯ ಮುಳ್ಳು, ಆಮೇಲೆ ಅಂಗೈಯಗಲದ ಹೊಲ, ಒಂದು ಗುಡಿಸಲು, ಮತ್ತೆ ಬಂಡೆಗಳ ಸಂದಿಯಲ್ಲೆಲ್ಲ ಸೀತಾಫಲದ ಗಿಡ. ಗಡ್ಡೆಯವ್ವ ಮುಂದೆ ನಡೆದು ಒಂದೊಂದನ್ನೇ ತೋರಿಸಿದಳು. ಇಲ್ಲಿ ಬ್ಯಾಸಗ್ಯಾಗ ಕಲ್ಲಂಗಡಿ ಹಾಕತೀನಿ. ಇಲ್ಲಿ ಕೌಜುಗ ತತ್ತಿ ಇಡತಾವ. ಹೊಳಿ ತುಂಬಿ ಬಂದ್ರ ನೀರು ಈ ಗೀಟಿನ ತನಕ ಬರ್ತದ. ಹಣ್ಣು ನಿಜವಾಗಿಯೂ ದೊಡ್ಡವಿದ್ದವು. ಕೈ ಹಚ್ಚಿದರೆ ಒಡೆದು ಬೆರಳಿಗೆಲ್ಲ ಬಿಳಿ ತಿರುಳು ಮೆತ್ತಿಕೊಳ್ಳುತ್ತಿತ್ತು. ಅತ್ತೆ ಗಿಡದ ಬುಡದಲ್ಲೇ ನಿಂತು ತಿಂದು, ಬೀಜವನ್ನು ದೂರಕ್ಕೆ ಉಗುಳಿದರು. ಅವರು ಹಾಗೆ ಉಗುಳಿದ್ದನ್ನು ನಾನು ಅದೇ ಮೊದಲು ಕಂಡದ್ದು.

ಮಧ್ಯಾಹ್ನದ ಊಟ ಗುಡಿಸಲಿನ ಮುಂದೆ. ಗಡ್ಡೆಯವ್ವ ಜೋಳದ ರೊಟ್ಟಿ, ಪುಂಡಿಪಲ್ಯ, ಬೆಳಿಗ್ಗೆ ಹಿಡಿದ ಮೀನಿನ ಸಾರು ಮಾಡಿಟ್ಟಿದ್ದಳು. ನಮ್ಮ ಡಬ್ಬಿಯ ಖೀಮಾ ಆಕೆಗೆ ಸೇರಿತು. ಊಟ ಮುಗಿದ ಮೇಲೆ ಅತ್ತೆ ಗಡ್ಡೆಯ ತುದಿಯ ದೊಡ್ಡ ಬಂಡೆಯನ್ನು ನೋಡಿ, "ಅದರ ಮ್ಯಾಲಿಂದ ಏನು ಕಾಣ್ತದ?" ಎಂದರು.

"ಎರಡೂ ಕಡೀ ಹೊಳಿ ಕಾಣ್ತದ್ರಿ. ಆದ್ರ ಹತ್ತೋದು ಕಠಿಣ ಅದ ಅಮ್ಮಾರ."

ಅತ್ತೆ ಬುರ್ಖಾ ತೆಗೆದು ನೀಟಾಗಿ ಮಡಚಿ ಒಂದು ಕಲ್ಲಿನ ಮೇಲಿಟ್ಟು, ಹಾರದಂತೆ ಅದರ ಮೇಲೆ ಇನ್ನೊಂದು ಕಲ್ಲು ಹೇರಿದರು. ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದರು. ಗಡ್ಡೆಯವ್ವ ಮುಂದೆ, ಅತ್ತೆ ನಡುವೆ, ನಾನು ಹಿಂದೆ. ಕೈ ಊರಿ, ಮೊಣಕಾಲು ಊರಿ, ಅಲ್ಲಲ್ಲಿ ನಿಂತು ಏದುಸಿರು ಬಿಡುತ್ತ ಹತ್ತಿದೆವು.

ಮೇಲೆ ಗಾಳಿ ಇತ್ತು. ಗಡ್ಡೆಯ ಮೂತಿಯಲ್ಲಿ ನದಿ ಎರಡಾಗಿ ಒಡೆದು, ನಮ್ಮನ್ನು ಬಳಸಿ ಹೋಗಿ, ಕೆಳಗೆ ಮತ್ತೆ ಕೂಡುವುದು ಪೂರ್ತಿ ಕಾಣಿಸುತ್ತಿತ್ತು. ಅತ್ತೆ ಕೂತು, ಒಮ್ಮೆ ಈ ಕಡೆಯ ಹೊಳೆ, ಒಮ್ಮೆ ಆ ಕಡೆಯ ಹೊಳೆ ನೋಡಿದರು.

"ಮದುವಿ ಆದ ಮ್ಯಾಲೆ ನಾನು ಊರು ಬಿಟ್ಟು ಹೋಗಿಲ್ಲಂತಲ್ಲ" ಎಂದರು ಕೊನೆಗೆ. "ಶಾದಿಗೆ ಹೋಗೀನಿ, ಮಯ್ಯತ್ ಆದ್ರ ಮಣ್ಣಿಗೆ ಹೋಗೀನಿ. ಸುಮ್ಮನ ನೋಡಾಕ ಅಂತ ಹೊಂಟಿದ್ದು ಇವತ್ತೇ."

ಇಳಿಯುವಾಗ ಎಡವಟ್ಟಾಯಿತು. ಅರ್ಧ ದಾರಿಗೆ ಬಂದಿರಬಹುದು, ಬಂಡೆ ಇಳಿಜಾರಾಗಿ ನುಣ್ಣಗಿದ್ದ ಜಾಗ. ಅತ್ತೆಯ ಒಂದು ಚಪ್ಪಲಿ ಕಾಲಿನಿಂದ ಜಾರಿ, ಉರುಳಿ, ಕೆಳಗೆ ನೀರಿಗೆ ಬಿತ್ತು. ಅವರು ಅದನ್ನೇ ನೋಡಿದರು, ಅಲ್ಲಿಗೆ ಮುಗಿಯಿತು. ಎರಡೂ ಕೈಯಿಂದ ಬಂಡೆಯನ್ನು ತಬ್ಬಿಕೊಂಡು ನಿಂತುಬಿಟ್ಟರು. ಮೇಲೂ ಇಲ್ಲ, ಕೆಳಗೂ ಇಲ್ಲ.

"ನನ್ನಿಂದ ಆಗಂಗಿಲ್ಲ. ನೀವು ಹೋಗ್ರಿ. ನನ್ನ ಇಲ್ಲೇ ಬಿಡ್ರಿ" ಎಂದರು. ದನಿ ಅವರದಾಗಿರಲಿಲ್ಲ.

ಗಡ್ಡೆಯವ್ವ ಕೆಳಗಿನಿಂದ ಸಮಾಧಾನ ಹೇಳಿದಷ್ಟೂ ಅವರ ಹಿಡಿತ ಬಿಗಿಯಾಯಿತು. ಆಗ ನನಗೆ ಏನಾಯಿತೋ ಗೊತ್ತಿಲ್ಲ. ಪಕ್ಕದ ಸಂದಿಯಿಂದ ಕೂತು ಜಾರಿ ಅವರಿಗಿಂತ ಕೆಳಗೆ ಇಳಿದೆ. "ಅಮ್ಮಾ, ನೀರು ನೋಡಬ್ಯಾಡ್ರಿ. ನನ್ನ ಮಾರಿ ನೋಡ್ರಿ" ಎಂದು ಜೋರಾಗಿ ಹೇಳಿದೆ. ಅವರು ನೋಡಲಿಲ್ಲ. "ನೋಡ್ರಿ ಅಂದೆ" ಎಂದು ಗದರಿದೆ. ಅವರು ನೋಡಿದರು.

"ಈಗ ಕುಂದರ್ರಿ. ಎಡಗಾಲು ಕೊಡ್ರಿ ನನಗ."

ಅವರ ಬರಿಗಾಲನ್ನು ಎರಡೂ ಕೈಯಲ್ಲಿ ಹಿಡಿದು ಒಂದು ಬಿರುಕಿನಲ್ಲಿಟ್ಟೆ. ಕಾಲು ತಣ್ಣಗಿತ್ತು. ಆಮೇಲೆ ಬಲಗಾಲು. ಆಮೇಲೆ ಅವರ ಕೈಯನ್ನು ನನ್ನ ಭುಜದ ಮೇಲೆ ಎಳೆದುಕೊಂಡೆ. ಹಾಗೆ ಒಂದೊಂದೇ ಹೆಜ್ಜೆ, ಕೂತಲ್ಲೇ ಸರಿದು ಸರಿದು. ಅವರ ಭಾರ ಪೂರ್ತಿ ನನ್ನ ಮೇಲಿತ್ತು, ಕೆಳಗಿನಿಂದ ಗಡ್ಡೆಯವ್ವ ನನ್ನ ಸೊಂಟಕ್ಕೆ ಕೈ ಕೊಟ್ಟಿದ್ದಳು. ಕೊನೆಯ ಒಂದಾಳು ಎತ್ತರವನ್ನು ಅತ್ತೆ ಇಳಿಯಲಿಲ್ಲ, ಜಾರಿದರು. ಮೂವರೂ ಉಸುಕಿನ ಮೇಲೆ ಒಬ್ಬರ ಮೇಲೊಬ್ಬರು ಬಿದ್ದೆವು. ಅತ್ತೆಯ ಸೀರೆ ಹಿಂದೆ ಹರಿದಿತ್ತು. ಅದನ್ನು ಮುಟ್ಟಿ ನೋಡಿಕೊಂಡು ಅವರು ನಗಲು ಶುರು ಮಾಡಿದರು. ಸದ್ದಿಲ್ಲದೆ, ಮೈಯೆಲ್ಲ ಅಲುಗುವಂತೆ. ನೋಡಿ ಗಡ್ಡೆಯವ್ವನೂ ನಕ್ಕಳು, ನಾನೂ ನಕ್ಕೆ.

ಅಷ್ಟು ಹೊತ್ತಿಗೆ ಗಾಳಿ ಜೋರಾಗಿ ನದಿಯ ಮೇಲೆ ಅಲೆ ಎದ್ದಿದ್ದವು. ಗಾಳಿ ಇಳಿಯುವವರೆಗೆ ಪುಟ್ಟಿ ಬಿಡುವ ಹಾಗಿಲ್ಲ ಎಂದಳು ಗಡ್ಡೆಯವ್ವ, ನಮಗೆ ಒಯ್ಯಲು ಹಣ್ಣು ಆರಿಸಿ ತರುತ್ತೇನೆಂದು ಗಿಡಗಳ ಕಡೆ ಹೋದಳು. ಬಂಡೆಯ ನೆರಳಿನಲ್ಲಿ ಅತ್ತೆ ಮತ್ತು ನಾನು ಇಬ್ಬರೇ ಉಳಿದೆವು.

"ಇಷ್ಟು ಜೋರಾಗಿ ಮಾತಾಡಾಕ ಬರ್ತದ ನಿನಗ" ಎಂದರು ಅತ್ತೆ. "ಮನ್ಯಾಗ ಯಾಕ ಬಾಯಿ ಬಿಡಂಗಿಲ್ಲ?"

"ಅಂಜಿಕಿ" ಎಂದೆ.

"ಯಾರದು?"

"ನಿಮ್ಮದೇ."

ಅವರು ಕಾಲಿನ ಉಸುಕು ಕೊಡವಿಕೊಂಡರು. ಪಕ್ಕದ ಸಂದಿಯ ಗಿಡದಿಂದ ಹಣ್ಣೊಂದನ್ನು ಹರಿದು, ಎರಡಾಗಿ ಒಡೆದು ಅರ್ಧ ನನಗೆ ಕೊಟ್ಟರು.

"ನಾನೂ ನಮ್ಮ ಅತ್ತಿಗೆ ಅಂಜತಿದ್ದೆ. ಆಕಿ ಹೋದ ಮ್ಯಾಲೆ ಅಂಜಿಕಿ ಹೋತು. ಆಗ ಮಾತಾಡಬೇಕು ಅನಿಸ್ತು, ಆದ್ರ ಆಕಿನೇ ಇರಲಿಲ್ಲ. ನೀ ಅಲ್ಲೀತನಕ ಕಾಯಬ್ಯಾಡ. ಏನರ ಇದ್ರ ಈಗೇ ಹೇಳು" ಎಂದರು.

ಆಗ ತರಬೇತಿಯ ಮಾತು ಹೇಳಿದೆ. ಒಂದೇ ಉಸಿರಿನಲ್ಲಿ, ಹಣ್ಣು ತಿನ್ನುವುದನ್ನೂ ಮರೆತು. ಅವರು ಹೂಂ ಎನ್ನಲಿಲ್ಲ, ಬೇಡ ಎನ್ನಲಿಲ್ಲ. ಮಾನ್ವಿಯ ಶಾಲೆಯಲ್ಲಿ ನಾನು ಯಾವ ಪಾಠ ಇಷ್ಟಪಡುತ್ತಿದ್ದೆ, ಮಾಸ್ತರರು ಹೇಗಿದ್ದರು, ಇವನ್ನೆಲ್ಲ ಕೇಳಿದರು. ಆ ಮನೆಗೆ ಬಂದ ಮೇಲೆ ನನ್ನ ಹಿಂದಿನ ದಿನಗಳ ಬಗ್ಗೆ ಯಾರಾದರೂ ಕೇಳಿದ್ದು ಅದೇ ಮೊದಲು. ಗಾಳಿ ಇಳಿಯಲು ಬಹಳ ಹೊತ್ತು ಹಿಡಿಯಿತು. ಇನ್ನಷ್ಟು ತಡವಾದರೂ ಆಗಲಿ ಎಂದುಕೊಂಡೆ.

ದಂಡೆಗೆ ಬಂದಾಗ ಬಸ್ಸು ಹೋಗಿಬಿಟ್ಟಿತ್ತು. ಗಡ್ಡೆಯವ್ವನೇ ಊರೊಳಗೆ ಹೋಗಿ, ರಾಯಚೂರಿಗೆ ಹತ್ತಿ ಒಯ್ಯುತ್ತಿದ್ದ ಲಾರಿಯವನನ್ನು ಒಪ್ಪಿಸಿ ನಮ್ಮನ್ನು ಡ್ರೈವರನ ಪಕ್ಕ ಕೂರಿಸಿದಳು. ಅತ್ತೆ ಹರಿದ ಸೀರೆಯ ಮೇಲೆ ಬುರ್ಖಾ ತೊಟ್ಟು, ಉಳಿದ ಒಂದು ಚಪ್ಪಲಿಯನ್ನು ಗಡ್ಡೆಯಲ್ಲೇ ಬಿಟ್ಟು ಬರಿಗಾಲಲ್ಲಿ ಬಂದಿದ್ದರು. ಮನೆಯ ಬಾಗಿಲಲ್ಲಿ ನಿಂತಿದ್ದ ಮಗ ತಾಯಿಯ ಕಾಲು ನೋಡಿದರು, ನನ್ನ ಗೀಚಿದ ಮೊಣಕೈ ನೋಡಿದರು. "ಏನಾಯ್ತು?"

"ಏನಿಲ್ಲ. ಹೊಳಿ ಭಾಳ ಛಲೋ ಅದ" ಎಂದು ಅತ್ತೆ ಒಳಗೆ ನಡೆದರು.

ಆ ಚಳಿಗಾಲದ ಉಳಿದ ದಿನಗಳಲ್ಲಿ ಅವರು ಮಗನ ಜೊತೆ ಏನು ಮಾತಾಡಿದರೋ ನನಗೆ ಗೊತ್ತಿಲ್ಲ. ಮುಂದಿನ ವರ್ಷ ನಾನು ತರಬೇತಿಗೆ ಸೇರಿದೆ. ಓಣಿಯಲ್ಲಿ ಮಾತು ಬಂದಾಗ ಎದುರು ನಿಂತವರು ಅತ್ತೆ. ನನ್ನ ಗಂಡ ಮೊದಲು ಮುಖ ಗಂಟು ಹಾಕಿಕೊಂಡರೂ ಪರೀಕ್ಷೆಯ ದಿನಗಳಲ್ಲಿ ತಾವೇ ಸೈಕಲ್ ಮೇಲೆ ಬಿಟ್ಟುಬಂದರು. ಗಡ್ಡೆಯವ್ವ ಇನ್ನೂ ಕೆಲವು ವರ್ಷ ಹಣ್ಣು ತಂದಳು, ಒಂದು ದಸರೆಯ ನಂತರ ಬರಲಿಲ್ಲ. ಗೂಗಲ್ ಕಡೆಯ ಪರಿಚಯದವರನ್ನು ಕೇಳಿದೆವು. ಮಗಳ ಊರಿಗೆ ಹೋದಳು ಎಂದರು. ಒಮ್ಮೆ ಹೋಗಿ ಕಾಣಬೇಕಿತ್ತು, ಆಗಲಿಲ್ಲ. ಆಕೆ ಆ ದಿನ ನಕ್ಕು ಕರೆಯದೇ ಇದ್ದಿದ್ದರೆ ಎಂದು ಎಷ್ಟೋ ಸಲ ಯೋಚಿಸಿದ್ದೇನೆ.

ಎಂಬತ್ತರ ದಶಕದಲ್ಲಿ ನನಗೆ ದೇವದುರ್ಗದ ಶಾಲೆಗೆ ನೇಮಕವಾಯಿತು. ಗಂಡ ಅಂಗಡಿ ಬಿಟ್ಟು ಬರುವಂತಿರಲಿಲ್ಲ, ವಾರಕ್ಕೊಮ್ಮೆ ಬಂದು ಹೋಗುತ್ತಿದ್ದರು. ನನ್ನ ಜೊತೆ ಬಂದು ಮನೆ ಮಾಡಿದವರು ಅತ್ತೆ. ಸಂಜೆ ಶಾಲೆ ಬಿಡುವ ಮೊದಲೇ ಬಂದು ಜಗಲಿಯ ಮೇಲೆ ಕೂತಿರುತ್ತಿದ್ದರು. ಮಕ್ಕಳನ್ನು ಕರೆದೊಯ್ಯಲು ಬಂದ ತಾಯಂದಿರು ಅವರ ಸುತ್ತ ನೆರೆಯುತ್ತಿದ್ದರು. ಹೊಲ, ಹೆರಿಗೆ, ಮದುವೆ, ಮುಗಿಯದ ಮಾತು. ಗಂಟೆ ಹೊಡೆದು, ಕೋಣೆಗಳಿಗೆ ಬೀಗ ಹಾಕಿ ಬಂದರೂ ಅವರಿಗೆ ನನ್ನ ಕಡೆ ಗಮನ ಇರುತ್ತಿರಲಿಲ್ಲ. ನಾನು ಕಂಬಕ್ಕೆ ಒರಗಿ ನಿಂತು, ಅವರ ಮಾತು ಮುಗಿಯುವವರೆಗೆ ಸುಮ್ಮನೆ ಕೇಳುತ್ತಿದ್ದೆ.