ಹೈಸ್ಕೂಲಿಗೆ ಹೊರಟ ಅಜ್ಜಿ

ನಾನು ಸಾದಲಿಯಲ್ಲಿ ಮಿಡ್ಲ್ ಸ್ಕೂಲು ಮುಗಿಸಿದ ವರ್ಷವೇ ನಮ್ಮೂರಿಂದ ಶಿಡ್ಲಘಟ್ಟಕ್ಕೆ ಬೆಳಗಿನ ಬಸ್ಸು ಶುರುವಾಯಿತು. ಹೈಸ್ಕೂಲಿಗೆ ಸೇರಿಸು ಎಂದು ಅಪ್ಪನ ಬೆನ್ನು ಹತ್ತಿದೆ. ಅಪ್ಪನಿಗೂ ಒಳಗೊಳಗೇ ಆಸೆ. ಆದರೆ ಮೈನೆರೆದ ಹುಡುಗಿಯನ್ನು ಒಬ್ಬಳನ್ನೇ ಬಸ್ಸು ಹತ್ತಿಸುವುದು ನಮ್ಮ ಒಕ್ಕಲು ಮನೆಗಳಲ್ಲಿ ಅಲ್ಲಿಯವರೆಗೆ ನಡೆದಿರಲಿಲ್ಲ. "ನಿಮ್ಮಜ್ಜೀನ ಕೇಳು" ಎಂದು ಜಾರಿಕೊಂಡ.

ಅಜ್ಜಿ ರೇಷ್ಮೆ ಹುಳುವಿಗೆ ಸೊಪ್ಪು ಹೆಚ್ಚುತ್ತಿದ್ದಳು. ಕತ್ತಿ ಕೆಳಗಿಟ್ಟು, "ಒಬ್ಳನ್ನೇ ಕಳ್ಸೋಕಾಗಲ್ಲ" ಎಂದಳು. ನನ್ನ ಕಣ್ಣು ತುಂಬಿತು. "ಅಳ್ಬೇಡ ಕಣಮ್ಮ. ಜೊತೆಗೆ ನಾನೂ ಬರ್ತೀನಿ."

ಅಪ್ಪ ನಕ್ಕುಬಿಟ್ಟ. "ನೀನು ಹೈಸ್ಕೂಲಲ್ಲಿ ಏನ್ಮಾಡ್ತೀಯವ್ವ?"

"ಕೂತ್ಕೋತೀನಿ. ಯಾಕೆ, ಕೂರೋಕೂ ಪಾಸಾಗ್ಬೇಕಾ?"

ಹೇಳಿದಂತೆಯೇ ದಿನಾ ನನ್ನ ಜೊತೆ ಬಂದು, ಸ್ಕೂಲಿನ ಅಂಗಳದ ಹೊಂಗೆ ಮರದಡಿ ಸಂಜೆಯವರೆಗೆ ಕೂರುತ್ತಿದ್ದಳು. ಪೇಟೆಯ ಹುಡುಗಿಯರು ಕಿಟಕಿಯಿಂದ ಇಣುಕಿ ನಗುವಾಗ ನನಗೆ ಭೂಮಿಗಿಳಿದು ಹೋಗುವಂತಾಗುತ್ತಿತ್ತು. ಹೆಡ್‌ಮಾಸ್ಟರು ಮರ್ಯಾದೆಗೆಂದು ಒಂದು ಕುರ್ಚಿ ಹಾಕಿಸಿದರು. ಅಜ್ಜಿ ಅದರ ಮೇಲೆ ನಮ್ಮ ಬುತ್ತಿಗಂಟು ಇಟ್ಟು, ತಾನು ನೆಲದ ಮೇಲೇ ಕೂತಳು.

ಅಜ್ಜಿಯ ಕಾವಲಿದೆ ಎಂಬ ಧೈರ್ಯಕ್ಕೆ ನಮ್ಮ ಬೀದಿಯವರೂ ಹೆಣ್ಣುಮಕ್ಕಳನ್ನು ಕಳಿಸತೊಡಗಿದರು. ಒಂದು ಬೆಳಿಗ್ಗೆ ಹೊಲಗೇರಿಯ ತಾಯಿಯೊಬ್ಬಳು ಮಗಳ ಕೈ ಹಿಡಿದು ನಾವು ಕೂತಿದ್ದ ಬಸ್ಸಿನಿಂದ ಸ್ವಲ್ಪ ದೂರದಲ್ಲೇ ನಿಂತು, ಕಿಟಕಿಯಲ್ಲಿದ್ದ ಅಜ್ಜಿಯನ್ನು ಕೇಳಿದಳು. "ನಮ್ಮುಡುಗೀನೂ ಒಸಿ ನೋಡ್ಕೋತೀರಾ, ಅಮ್ಮೋರೇ?" ಆ ಕೇರಿಯವರಿಗೆ ನಮ್ಮ ಮನೆಯಲ್ಲಿ ನೀರನ್ನು ಮೇಲಿಂದಲೇ ಹೊಯ್ಯುತ್ತಿದ್ದ ಕಾಲ. ಅಜ್ಜಿ ಸೆರಗು ಎಳೆದುಕೊಂಡು, ಸೀಟಿನಲ್ಲಿ ಪಕ್ಕಕ್ಕೆ ಸರಿದಳು.

"ರಾವೇ" ಎಂದು ನಮ್ಮ ಕಡೆಯ ತೆಲುಗಿನಲ್ಲೇ ಆ ಹುಡುಗಿಯನ್ನು ಕರೆದಳು. "ಬಾ, ಕೂತ್ಕೋ. ಬಸ್ಸು ಹೊರಡ್ತದೆ."

ಮನೆಯ ಪದ್ಧತಿ ಅಂದೇ ಬದಲಾಗಲಿಲ್ಲ. ಆದರೆ ಮಧ್ಯಾಹ್ನ ಮರದಡಿ ಆ ಹುಡುಗಿ ನಮ್ಮೊಂದಿಗೇ ಉಂಡಳು. ಅಜ್ಜಿ ಅದನ್ನು ಮನೆಯಲ್ಲಿ ಹೇಳಲಿಲ್ಲ, ಹೇಳಬೇಡವೆಂದೂ ನನಗೆ ಹೇಳಲಿಲ್ಲ.

ನಾನು ಹತ್ತನೇ ಕ್ಲಾಸಿಗೆ ಬರುವಷ್ಟರಲ್ಲಿ ನಮ್ಮದೇ ಒಂದು ಗುಂಪಾಗಿತ್ತು. "ಇನ್ನು ಹುಡುಗೀರೇ ಹೋಗಿ ಬರ್ತಾರೆ, ನೀನು ಮನೇಲಿರವ್ವ" ಎಂದ ಅಪ್ಪ.

ಅಜ್ಜಿ ಆಗಲೇ ತಲೆ ಬಾಚಿ ಸಿದ್ಧವಾಗಿದ್ದಳು. "ಅವರು ಹೋಗ್ಲಿ ಬಿಡಪ್ಪ, ಬೇಡ ಅಂದೋರ್ಯಾರು? ಸ್ಕೂಲ್ ಪಕ್ಕದ ಹೂವಿನ ಅಂಗಡಿಯೋಳು ನಂಗೋಸ್ಕರ ಕಾಯ್ತಿರ್ತಾಳೆ."