ಪಿಂಚಣಿಗೊಂದು ಜೋಡಿ ಫೋಟೋ

ನನ್ನ ಪಿಂಚಣಿ ಕಾಗದಕ್ಕೆ ಗಂಡ ಹೆಂಡತಿಯ ಜೋಡಿ ಫೋಟೋ ಬೇಕೆಂದು ಆಫೀಸಿನವರು ಕೇಳಿದ್ದಾರೆ. ಹುಡುಕೋಣವೆಂದು ಹಳೆಯ ಆಲ್ಬಮ್ ಬಿಚ್ಚಿದರೆ, ನುಸಿಗುಳಿಗೆಯ ವಾಸನೆಯ ಜೊತೆ ಕೈಗೆ ಬಂದದ್ದು ನಡುವೆ ಚೌಕಾಕಾರದ ತೂತಿರುವ ಒಂದು ಗ್ರೂಪ್ ಫೋಟೋ. ಕಾಂದಿವಲಿಯ ಚಿಕ್ಕಪ್ಪನ ಫ್ಲ್ಯಾಟಿನ ಗೃಹಪ್ರವೇಶದ್ದು. ಆ ತೂತು ಜಿರಲೆ ಕೊರೆದದ್ದಲ್ಲ ಸ್ವಾಮಿ, ಚಿಕ್ಕಪ್ಪನೇ ಕತ್ತರಿ ಹಿಡಿದು ಮಾಡಿದ್ದು.

ಚಿಕ್ಕಪ್ಪ ಫೋರ್ಟ್ ಏರಿಯಾದ ಒಂದು ಸರ್ಕಾರಿ ಕಚೇರಿಯಲ್ಲಿ ಪಿಂಚಣಿ ಮಂಜೂರು ಮಾಡುವ ಅಧಿಕಾರಿ. ಮಂಜೂರು ಮಾಡುವುದೆಂದರೆ ಅವರ ಲೆಕ್ಕದಲ್ಲಿ ಮೊದಲು ವಾಪಸು ಕಳಿಸುವುದು. ವಿಧವೆಯೊಬ್ಬಳ ಹೆಬ್ಬೆಟ್ಟು ಚೌಕದ ಗೆರೆ ದಾಟಿತೆಂದು ಅರ್ಜಿಯನ್ನೇ ಹಿಂದಿರುಗಿಸಿದ್ದನ್ನು ಊಟಕ್ಕೆ ಕೂತಾಗ ಶೌರ್ಯದ ಕಥೆಯಂತೆ ಹೇಳುತ್ತಿದ್ದರು. ನಾನಾಗ ಅವರ ಮನೆಯಲ್ಲೇ ಉಂಡುಕೊಂಡು ಕೆಲಸ ಹುಡುಕುತ್ತಿದ್ದೆ, ಆದ್ದರಿಂದ ನಗುತ್ತಿದ್ದೆ.

ಎಂಬತ್ತರ ದಶಕದ ನಡುವೆ ಅವರೇ ನಿವೃತ್ತರಾದರು. ಗಂಡ ಸತ್ತ ಮೇಲೆ ಕುಟುಂಬ ಪಿಂಚಣಿ ಕೇಳಲು ಬಂದವಳು ಇವಳೇ ಎಂದು ಗುರುತಿಸಲು ಜೋಡಿ ಫೋಟೋವೇ ಆಧಾರ ಎಂದು ಊರಿಗೆಲ್ಲ ಬೋಧಿಸಿದವರು ಅವರು. ಆದರೆ ಈ ವಯಸ್ಸಿನಲ್ಲಿ ಹೆಂಡತಿಯ ಪಕ್ಕ ಕೂತು ಸ್ಟುಡಿಯೋದಲ್ಲಿ ಹಲ್ಲು ಕಿರಿಯುವುದು ಮರ್ಯಾದಸ್ಥರ ಲಕ್ಷಣವಲ್ಲವಂತೆ. ಮನೆಯ ಫೋಟೋಗಳನ್ನೆಲ್ಲ ಜಾಲಾಡಿದರೆ ಚಿಕ್ಕಮ್ಮ ಒಂದರಲ್ಲೂ ಇಲ್ಲ. ಫೋಟೋ ತೆಗೆಯುವ ಹೊತ್ತಿಗೆ ಅವರು ಯಾವಾಗಲೂ ಅಡುಗೆಮನೆಯಲ್ಲಿ. ಕೊನೆಗೆ ಗೃಹಪ್ರವೇಶದಂದು ತಮ್ಮ ಪಕ್ಕ ನಿಂತಿದ್ದ ಚಿಕ್ಕಮ್ಮನ ಅಕ್ಕನನ್ನೇ ತಮ್ಮ ಜೊತೆ ಸೇರಿಸಿ ಕತ್ತರಿಸಿ, ಚಿಕ್ಕಪ್ಪ ಪಿಂಚಣಿ ಕಾಗದಕ್ಕೆ ಅಂಟಿಸಿದರು.

“ಅದು ನಮ್ಮಕ್ಕ ಅಲ್ವೇನ್ರೀ?” ಎಂದರು ಚಿಕ್ಕಮ್ಮ.

“ಅಕ್ಕತಂಗೀರು ಒಂದೇ ಅಚ್ಚು ಕಣೇ. ಯಾರು ಭೂತಕನ್ನಡಿ ಹಿಡ್ಕೊಂಡು ನೋಡ್ತಾರೆ?”

ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ.

ಐದಾರು ವರ್ಷಕ್ಕೆ ಚಿಕ್ಕಪ್ಪ ತೀರಿಕೊಂಡರು. ಮಕ್ಕಳಿಲ್ಲದ ಚಿಕ್ಕಮ್ಮನಿಗೆ ಇನ್ನು ಆ ಕುಟುಂಬ ಪಿಂಚಣಿಯೊಂದೇ ದಿಕ್ಕು. ಬ್ಯಾಂಕಿನ ಗುಮಾಸ್ತ ಭೂತಕನ್ನಡಿ ಇಲ್ಲದೆಯೇ ನೋಡಿದ. “ಆಜಿ, ಹ್ಯಾ ತುಮ್ಹಿ ನಾಹೀತ,” ಎಂದ. ಫೋಟೋದಲ್ಲಿರುವ ಹೆಂಗಸು ನೀವಲ್ಲ ಅಂತ. ಅಕ್ಕನನ್ನೇ ಮೈಸೂರಿನಿಂದ ಕರೆಸಿ ಕೂರಿಸಿದರಾಯಿತೆಂದು ಸಲಹೆ ಕೊಟ್ಟ ಮಹಾಶಯ ನಾನೇ.

“ಫೋಟೋಗೂ ಅವಳೇ, ಪೆನ್ಶನ್‌ಗೂ ಅವಳೇನಾ?” ಎಂದರು ಚಿಕ್ಕಮ್ಮ.

ಇವರನ್ನು ಬಲ್ಲ ಅಧಿಕಾರಿಯೊಬ್ಬರು ಬರೆದುಕೊಟ್ಟರೆ ನೋಡೋಣ ಎಂದಿತು ಬ್ಯಾಂಕು. ಚಿಕ್ಕಪ್ಪನ ಕೈಕೆಳಗಿದ್ದ ಧಾರವಾಡದ ಪಾಟೀಲರು ಅಷ್ಟರಲ್ಲಿ ಅದೇ ಕುರ್ಚಿಗೆ ಬಂದಿದ್ದರು. ಮೂವತ್ತು ವರ್ಷದ ಸರ್ವಿಸಿನಲ್ಲಿ ಚಿಕ್ಕಪ್ಪ ಹೆಂಡತಿಯನ್ನು ಆಫೀಸಿನ ಒಬ್ಬರಿಗೂ ಪರಿಚಯಿಸಿರಲಿಲ್ಲ. ನಾವಿಬ್ಬರೂ ಎದುರಿಗೆ ಹೋಗಿ ಕೂತಾಗ ಪಾಟೀಲರು ಪಾಪ, ಸಂಕಟಪಟ್ಟರು. “ತಾಯಿ, ನಿಮ್ಮ ಮಾರಿ ನಾ ಒಮ್ಮೆನೂ ನೋಡಿಲ್ಲರಿ. ಹೆಂಗ ಸಹಿ ಮಾಡ್ಲಿ?”

ಮಧ್ಯಾಹ್ನವಾಗಿತ್ತು. ಚಿಕ್ಕಮ್ಮ ನನಗೆ ಹಸಿವಾಗಿರಬೇಕೆಂದು ಚೀಲದಿಂದ ಡಬ್ಬಿ ತೆಗೆದರು. ಚಿಕ್ಕಪ್ಪ ದಿನವೂ ಆಫೀಸಿಗೆ ಒಯ್ಯುತ್ತಿದ್ದ, ಮುಚ್ಚಳ ಜಜ್ಜಿದ ಡಬ್ಬಿ. ಮುಚ್ಚಳ ತೆಗೆದದ್ದೇ ಪಾಟೀಲರು ಕುರ್ಚಿಯಿಂದ ಅರ್ಧ ಎದ್ದರು. ಕೇಳದೆ ಒಂದು ತುತ್ತು ಪುಳಿಯೋಗರೆ ಬಾಯಿಗೆ ಹಾಕಿಕೊಂಡು, ಕಣ್ಣು ಒರೆಸಿಕೊಂಡು, ಪೆನ್ನು ತೆಗೆದರು.

“ಮಾರಿ ಗೊತ್ತಿಲ್ಲರಿ. ಈ ಕೈ ಗೊತ್ತದ, ಹದಿನೆಂಟು ವರ್ಷ ಇದೇ ಡಬ್ಬ್ಯಾಗ ಉಂಡೀನಿ.”

ವಾಪಸು ಬರುವ ಲೋಕಲ್ ರೈಲಿನಲ್ಲಿ ನಾನು ಗೆದ್ದವನ ಹಾಗೆ ಕೂತಿದ್ದೆ. ಲೋವರ್ ಪರೇಲ್ ದಾಟಿದ ಮೇಲೆ ಚಿಕ್ಕಮ್ಮ ಬಾಯಿ ಬಿಟ್ಟರು. “ನೋಡಿದ್ಯೇನೋ? ಅವರ ಹೆಂಡತಿ ಅಂತ ಸಾಬೀತು ಮಾಡೋಕೂ ನಾನು ಅಡುಗೇನೇ ಮಾಡ್ಬೇಕಾಯ್ತು.” ನನಗೆ ನಾಚಿಕೆಯಾಯಿತು, ಯಾಕೆಂದರೆ ಆಗಲೂ ನಾನು ತಿನ್ನುತ್ತಿದ್ದದ್ದು ಅದೇ ಡಬ್ಬಿಯಿಂದ.

ಈಗ ನನ್ನ ಆಲ್ಬಮನ್ನು ಕೊನೆಯ ಪುಟದವರೆಗೆ ಮಗುಚಿದೆ. ಹಬ್ಬ, ನಾಮಕರಣ, ಮಗಳ ಮದುವೆ. ಎಲ್ಲದರಲ್ಲೂ ನಾನಿದ್ದೇನೆ, ಹೊಟ್ಟೆ ಮುಂದೆ ಮಾಡಿಕೊಂಡು. ನನ್ನವಳು ಒಂದು ಕಡೆ ಬಾಗಿಲ ಸಂದಿಯಲ್ಲಿ ಅರ್ಧ ಮುಖ, ಇನ್ನೊಂದರಲ್ಲಿ ಬರೀ ಸೌಟು ಹಿಡಿದ ಕೈ.

“ಹೊರಡು, ಸ್ಟುಡಿಯೋಗೆ ಹೋಗೋಣ,” ಎಂದೆ.

“ಹುಳಿ ಕುದೀತಿದೆ, ಇರಿ.”

ಒಲೆ ನಾನೇ ಆರಿಸುತ್ತೇನೆಂದು ಠೀವಿಯಿಂದ ಅಡುಗೆಮನೆಗೆ ಹೋದೆ. ಗ್ಯಾಸಿನ ಗುಬುಟು ಯಾವ ಕಡೆಗೆ ತಿರುಗಿಸಬೇಕೆಂದು ಅವಳನ್ನೇ ಕೇಳಬೇಕಾಯಿತು.