ಮಿಂಚುವ ಅಡ್ಮಿಟ್ ಕಾರ್ಡು

ನಮ್ಮವರದು ಜೆರಾಕ್ಸ್ ಅಂಗಡಿ. ಜೆರಾಕ್ಸ್ ಹೊಟ್ಟೆಪಾಡಿಗೆ, ಲ್ಯಾಮಿನೇಷನ್ ಎಂದರೆ ಪ್ರಾಣ. ಹಾಲಿನ ಕಾರ್ಡು, ನನ್ನ ಕನ್ನಡಕದ ಚೀಟಿ, ನಮ್ಮ ಮದುವೆಯ ಕರೆಯೋಲೆ, ಯಾವುದನ್ನೂ ಬಿಟ್ಟವರಲ್ಲ. ಸುಮ್ಮನೆ ಕೂತಿದ್ದರೆ ನನ್ನನ್ನೂ ಎಲ್ಲಿ ಆ ಮಿಷನ್ನಿಗೆ ತೂರಿಸಿಬಿಡುತ್ತಾರೋ ಎಂದು ನನಗೆ ಭಯ.

ಮಗಳು ಇಂಜಿನಿಯರಿಂಗ್ ಪ್ರವೇಶ ಪರೀಕ್ಷೆಗೆ ಓದಿ ಓದಿ ಸೊರಗಿದ್ದಳು. ಈ ಮನುಷ್ಯನಿಗೆ ಅವಳ ಗಣಿತ ತಿಳಿಯದು, ಭೌತಶಾಸ್ತ್ರ ತಿಳಿಯದು. ಅವಳಿಗೆ ಏನಾದರೂ ಮಾಡಿಕೊಡಬೇಕೆಂದು ಜೀವ ಒದ್ದಾಡುತ್ತಿತ್ತು. ಅಷ್ಟರಲ್ಲಿ ಅಡ್ಮಿಟ್ ಕಾರ್ಡು ಬಂತು ನೋಡಿ! ಭದ್ರವಾಗಿಡುತ್ತೇನೆಂದು ಇಸಿದುಕೊಂಡವರು, ಯಾರಿಗೂ ಹೇಳದೆ ದಪ್ಪ ಪ್ಲಾಸ್ಟಿಕ್ಕಿನಲ್ಲಿ ಲ್ಯಾಮಿನೇಷನ್ ಮಾಡಿ, ಪರೀಕ್ಷೆಯ ಬೆಳಿಗ್ಗೆ ಕೇಂದ್ರದ ಗೇಟಿನ ಮುಂದೆ ಅವಳ ಕೈಗಿಟ್ಟರು.

"ಮಳೆ ಬಂದ್ರೂ ಏನೂ ಆಗಲ್ಲ, ಪುಟ್ಟಿ."

ಮಗಳ ಮುಖ ಬಿಳಿಚಿಕೊಂಡಿತು. "ಅಪ್ಪಾ! ಒಳಗಡೆ ಅವರ ಎದುರಿಗೇ ಇದರ ಮೇಲೆ ಸಹಿ ಮಾಡ್ಬೇಕು, ಹೆಬ್ಬೆಟ್ಟು ಒತ್ಬೇಕು!"

ಗೇಟಿನ ಕಾವಲುಗಾರ ಕಾರ್ಡನ್ನು ಉಗುರಿನಿಂದ ಕೆರೆದು ನೋಡಿದ. "ಇದ್ರ ಮೇಲೆ ಇಂಕು ನಿಲ್ಲತ್ತೇನ್ರೀ? ಬೇರೆ ತನ್ನಿ. ಇನ್ನೇನು ಗೇಟ್ ಹಾಕ್ತೀವಿ."

ನಮ್ಮವರು ಅಂಚನ್ನು ಹಲ್ಲಿನಲ್ಲಿ ಕಚ್ಚಿ ಎಳೆದರು. ಜಪ್ಪಯ್ಯ ಅಂದರೂ ಪ್ಲಾಸ್ಟಿಕ್ಕು ಬಿಡಲಿಲ್ಲ. ನಾನು ನಡುರಸ್ತೆಯಲ್ಲೇ ಜಾಡಿಸಿದೆ. "ನಿಮ್ಮ ಕೈಗೆ ಕಾಗದ ಕೊಟ್ಟೋರಿಗೆ ಹೇಳ್ಬೇಕು!" ಅಳು ಬರುತ್ತಿತ್ತು, ಅದಕ್ಕೇ ಬೈದೆ. ಇದೊಂದು ಪರೀಕ್ಷೆಗೆ ಹುಡುಗಿ ನಿದ್ದೆ ಬಿಟ್ಟಿದ್ದಳು.

ಎದುರಿಗೆ ತೆರೆದಿದ್ದದ್ದು ಒಂದೇ ಅಂಗಡಿ, ಅದೂ ಇವರ ಕಸುಬಿನ ವೈರಿಯದು. ಇಬ್ಬರೂ ಮುಖ ಕೊಟ್ಟು ಮಾತಾಡಿ ಯಾವ ಕಾಲವಾಯಿತೋ! ಇವರು ಮಗಳ ಕೈಹಿಡಿದು ಎದ್ದೆವೋ ಬಿದ್ದೆವೋ ಎಂದು ಓಡಿದರು.

"ಅಣ್ಣಾ, ಮಗಳ ಅಡ್ಮಿಟ್ ಕಾರ್ಡು, ಒಂದು ಪ್ರಿಂಟು. ನಿಮ್ ದಮ್ಮಯ್ಯ!"

ಮಗಳು ಅಲ್ಲಿನ ಕಂಪ್ಯೂಟರಿನಲ್ಲಿ ಪಾಸ್‌ವರ್ಡ್ ಒತ್ತಿದಳು. ಪ್ರಿಂಟು ಬಂತು. ವೈರಿ ಅದನ್ನು ಎತ್ತಿ ಹಿಡಿದು, ಒಂಚೂರೂ ನಗದೆ ಕೇಳಿದ: "ಲ್ಯಾಮಿನೇಷನ್ ಮಾಡ್ಲಾ?"

ನಮ್ಮವರು ಕಿತ್ತುಕೊಂಡು ಓಡಿದರು.

ಮಗಳು ಒಳಗೆ ಹೋದಳು. ಉಸ್ಸಪ್ಪಾ ಎಂದು ನಾನು ಪಕ್ಕದ ಮೆಟ್ಟಿಲ ಮೇಲೆ ಕುಸಿದೆ. ಆಗ ಅವಳು ಗೇಟಿನ ಒಳಗಿನಿಂದಲೇ ತಿರುಗಿ ಕೂಗಿದಳು: "ಅಪ್ಪಾ, ನಮ್ಮ ಕ್ಲಾಸಿನೋರೂ ನಮ್ಮ ಅಂಗಡೀಲೇ ತಾನೆ ಪ್ರಿಂಟ್ ತಗೊಂಡಿದ್ದು?"

ಇವರ ಮುಖ ನೋಡಬೇಕಿತ್ತು. "ಮಗಳ ಜೊತೆಯೋರು ಅಂತ ಎಲ್ರಿಗೂ ಪುಕ್ಕಟೆ ಮಾಡಿಕೊಟ್ಟೆ ಕಣೇ," ಎಂದು ಪಿಸುಗುಟ್ಟಿದರು.

ಬೀದಿಯ ತಿರುವಿನಲ್ಲಿ ಆಗಲೇ ಒಂದು ಕಾರ್ಡು ಬಿಸಿಲಿಗೆ ಫಳಫಳ ಹೊಳೆಯಿತು. ಅದರ ಹಿಂದೆ ಇನ್ನೊಂದು. ನಮ್ಮವರು ರಸ್ತೆಗೆ ಅಡ್ಡ ನಿಂತು, ಎರಡೂ ಕೈ ಬೀಸುತ್ತಾ, ಹುಟ್ಟಿದ ಮೇಲೆ ಮೊದಲ ಸಲ ವೈರಿಯ ಅಂಗಡಿಗೆ ಗಿರಾಕಿ ಕರೆದರು:

"ಹೊಳೆಯೋ ಕಾರ್ಡಿನೋರೆಲ್ಲ ಈ ಕಡೆ ಬನ್ರಪ್ಪಾ, ಓಡಿ ಬನ್ನಿ!"